ನಾನು ನಕ್ಕರೆ ನಂಬಬೇಡಿ

ನನ್ನ ಕಿವಿಯ ಯಂತ್ರವನ್ನು ಸರಿಹೊಂದಿಸಿಕೊಳ್ಳಲು ಈಗಲೂ ಆಗಾಗ ಆಸ್ಪತ್ರೆಗೆ ಹೋಗುತ್ತೇನೆ. ಅದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಕಿವಿಯ ಒಳಗಿನ ಸುರುಳಿಯಲ್ಲಿ ಕೂದಲಿನಷ್ಟು ತೆಳ್ಳನೆಯ ತಂತಿಯನ್ನು ಆಪರೇಷನ್ ಮಾಡಿ ಕೂರಿಸಿದ್ದಾರೆ. ಹೊರಗೆ ತೊಡುವ ಯಂತ್ರ ಸದ್ದನ್ನು ಹಿಡಿದು ಆ ತಂತಿಗೆ ಕಳಿಸುತ್ತದೆ. ಎಷ್ಟು ಸಣ್ಣ ಸದ್ದು ನನಗೆ ಮುಟ್ಟಬೇಕು, ಎಷ್ಟು ದೊಡ್ಡದಾದಾಗ ತಡೆಯಬೇಕು ಎಂಬುದನ್ನು ಕಂಪ್ಯೂಟರಿನ ಎದುರು ಕೂತವರು ಒಂದೊಂದೇ ಸ್ವರಕ್ಕೆ ಗುರುತು ಹಾಕುತ್ತಾ ಹೋಗುತ್ತಾರೆ. ನನ್ನ ತಲೆಯೊಳಗೆ ಆಗುವುದು ಅವರಿಗೆ ಕೇಳಿಸುವುದಿಲ್ಲ. ನಾನು ಹೇಳಿದ್ದನ್ನು, ಇಲ್ಲವೇ ನನ್ನ ಮುಖ ಹೇಳಿದ್ದನ್ನು ನಂಬಿಯೇ ಅವರು ಕೆಲಸ ಮಾಡಬೇಕು. ಅದಕ್ಕೇ ಕುರ್ಚಿಯಲ್ಲಿ ಕೂತ ಕೂಡಲೇ ನಾನು ಮೊದಲು ಹೇಳುವುದು ಒಂದೇ ಮಾತು: ನಾನು ನಕ್ಕರೆ ನಂಬಬೇಡಿ. ಅವರು ತಮಾಷೆ ಎಂದುಕೊಂಡು ತಾವೇ ನಗುತ್ತಾರೆ. ನಾನು ಹೆಚ್ಚು ವಿವರಿಸಲು ಹೋಗುವುದಿಲ್ಲ. ವಿವರಿಸಲು ಹೊರಟರೆ ಮಾಣಿ ಎಂಬ ಊರಿನ ನಮ್ಮ ಮನೆಯಿಂದಲೇ ಶುರು ಮಾಡಬೇಕಾಗುತ್ತದೆ.

ಮಾಣಿಯಲ್ಲಿ ಹೆದ್ದಾರಿಯ ಬದಿಗೆ ನಮ್ಮ ಹೋಟೆಲು, ಹೋಟೆಲಿನ ಬೆನ್ನಿಗೆ ಅಂಟಿಕೊಂಡೇ ಮನೆ. ನಡುವೆ ಬಾಗಿಲಿರಲಿಲ್ಲ. ಎಲ್ಲರೂ ಕೈ ಒರೆಸಿ ಒರೆಸಿ ಬಣ್ಣ ಕಳೆದುಕೊಂಡ ಒಂದು ಪರದೆ ಇತ್ತು. ಪರದೆಯ ಆಚೆ ಗಲ್ಲಾದಲ್ಲಿ ಅಪ್ಪ, ಈಚೆ ಒಲೆಯ ಹತ್ತಿರ ಅಮ್ಮ, ಅವಳ ಪಕ್ಕ ಹೆರೆಮಣೆಯ ಮೇಲೆ ಕೂತು ರಾಶಿ ರಾಶಿ ತೆಂಗಿನಕಾಯಿ ಹೆರೆಯುವ ಅಜ್ಜಿ, ಅಪ್ಪನ ತಾಯಿ. ಸಪ್ಲಾಯರುಗಳು ಒಳಗೆ ಬರುವ ಮೊದಲೇ ಕೂಗುತ್ತಿದ್ದರಂತೆ: ಸಜ್ಜಿಗೆ ಬಜಿಲ್, ಎರಡು ಪ್ಲೇಟು ಬನ್ಸ್, ನಾಲ್ಕು ಚಾ. ಗ್ರೈಂಡರು ತಿರುಗುತ್ತಿತ್ತು, ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು, ಲಾರಿ ಹೋದರೆ ಗೋಡೆಗೆ ಸಿಕ್ಕಿಸಿದ ತಟ್ಟೆಗಳು ನಡುಗುತ್ತಿದ್ದವು. ಊರಿನಲ್ಲೇ ಅತಿ ಹೆಚ್ಚು ಗದ್ದಲದ ಮನೆಯಲ್ಲಿ ಕಿವುಡಿಯಾಗಿ ಹುಟ್ಟಿದವಳು ನಾನು. ಲಾರಿ ಬಂದದ್ದು ನನಗೆ ಅಂಗಾಲಿನಿಂದ ತಿಳಿಯುತ್ತಿತ್ತು. ಆ ವರ್ಷಗಳ ಮಾತುಗಳು ನಾನು ಕೇಳಿದವಲ್ಲ, ದೊಡ್ಡವಳಾದ ಮೇಲೆ ಅಮ್ಮ ಹೇಳಿದವು. ಅಮ್ಮ ತನಗೆ ಅನುಕೂಲವಾಗುವಂತೆ ಕಥೆ ಹೇಳುವವಳಲ್ಲ. ತನಗೇ ಪೆಟ್ಟು ಬೀಳುವಂತೆ ಹೇಳುವವಳು, ಹಾಗಾಗಿ ನಂಬುತ್ತೇನೆ.

ಅಜ್ಜಿ ನೇತ್ರಾವತಿಯ ದಡದಲ್ಲಿ ಬೆಳೆದವಳು. ಆಚೆ ದಡದಲ್ಲಿ ದೋಣಿಯವ ನಿದ್ದೆ ಹೋಗಿದ್ದರೆ ಅವನನ್ನು ಎಬ್ಬಿಸಲು ಊರಿನವರು ಈ ಹುಡುಗಿಯನ್ನೇ ಕರೆದುಕೊಂಡು ಹೋಗುತ್ತಿದ್ದರಂತೆ. ಇವಳು ಒಂದು ಕೂ ಹಾಕಿದರೆ ಹೊಳೆ ದಾಟಿ ಹೋಗುತ್ತಿತ್ತಂತೆ. ಮುದುಕಿಯಾದರೂ ಆ ಗಂಟಲು ಹಾಗೇ ಇತ್ತು. ಪಿಸುಮಾತು ಅವಳಿಗೆ ಬರುತ್ತಲೇ ಇರಲಿಲ್ಲ, ಗುಟ್ಟು ಹೇಳಿದರೂ ಗಲ್ಲಾದವರೆಗೆ ಕೇಳುತ್ತಿತ್ತು ಎಂದು ಅಪ್ಪ ಗೇಲಿ ಮಾಡುತ್ತಿದ್ದರು. ಮನೆಯಲ್ಲಿ ನನಗೆ ಸಿಕ್ಕಿದ ದನಿ ಅದೊಂದೇ. ಅವಳ ಮಡಿಲಲ್ಲಿ ಕೂತು ಗಂಟಲಿಗೆ ಅಂಗೈ ಒತ್ತಿ ಹಿಡಿದರೆ ಅವಳ ಮಾತು ನನ್ನ ಮೊಣಕೈವರೆಗೆ ಗುಂಯ್ ಎಂದು ಏರುತ್ತಿತ್ತು. ನಾನು ನಗುತ್ತಿದ್ದೆ, ಅವಳು ಮತ್ತೂ ಮಾತಾಡುತ್ತಿದ್ದಳು. ಅಮ್ಮನ ಗಂಟಲಿಗೂ ಕೈ ಇಟ್ಟು ನೋಡಿದ್ದೇನೆ. ಅಮ್ಮನದು ಮೆಲುದನಿ, ಅಂಗೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಮ್ಮನಿಗೆ ಇದು ನೋವು ತಂದಿರಬೇಕು. ನನಗೂ ಅಜ್ಜಿಗೂ ನಮ್ಮದೇ ಕೈಸನ್ನೆಗಳಿದ್ದವು. ಕೆನ್ನೆಯ ಹತ್ತಿರ ಮುಷ್ಟಿ ತಿರುಗಿಸಿದರೆ ಗೋಳಿಬಜೆ. ಕಿವಿಯ ಓಲೆ ಹಿಡಿದು ಅಲ್ಲಾಡಿಸಿದರೆ ಅಮ್ಮನಿಗೆ ಸಿಟ್ಟು ಬಂದಿದೆ. ಗಂಟಲಿನ ಮೇಲೆ ಅಂಗೈ ಇಟ್ಟರೆ ಅದು ನಾನು, ಅಜ್ಜಿ ನನಗೆ ಇಟ್ಟ ಹೆಸರು.

ಹೋಟೆಲಿನ ಮನೆಗಳಿಗೆ ಅವುಗಳದೇ ಶಾಸ್ತ್ರ ಇರುತ್ತದೆ. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಶಾಸ್ತ್ರ, ಗಿರಾಕಿಯ ಎದುರು ಮೋರೆ ಸಣ್ಣ ಮಾಡಬಾರದು ಎಂಬುದು. ಒಳಗೆ ಹೆಣ ಬಿದ್ದಿದ್ದರೂ ಪರದೆ ಸರಿಸಿ ಹೊರಗೆ ಬರುವಾಗ ಮುಖದಲ್ಲಿ ನಗು ಇರಬೇಕು. ಇದನ್ನು ನನಗೆ ಕಲಿಸಿದವಳು ಅಜ್ಜಿಯೇ. ನಾನು ಪರದೆಯಾಚೆ ಮೇಜುಗಳ ನಡುವೆ ಆಡುತ್ತಿದ್ದಾಗ ಒಬ್ಬ ಗಿರಾಕಿಯ ಕೈ ತಾಗಿ ಬಿಸಿ ಚಾ ನನ್ನ ತೋಳಿನ ಮೇಲೆ ಚೆಲ್ಲಿತು. ನಾನು ಬೊಬ್ಬೆ ಹಾಕಿದೆ. ಆತ ಗಾಬರಿಯಾಗಿ, ನಾಚಿ, ತಿಂಡಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಅಜ್ಜಿ ನನ್ನನ್ನು ಒಳಗೆ ಎತ್ತಿಕೊಂಡು ಬಂದು ತೋಳಿಗೆ ನೀರು ಹೊಯ್ದಳು, ಊದಿದಳು, ಎದೆಗೆ ಒತ್ತಿಕೊಂಡಳು. ಆಮೇಲೆ ತನ್ನ ಎರಡು ಹೆಬ್ಬೆರಳುಗಳನ್ನು ನನ್ನ ಬಾಯಿಯ ಎರಡು ತುದಿಗೆ ಇಟ್ಟು ಮೇಲಕ್ಕೆ ಎಳೆದಳು. ಹೊರಗೆ ಕೈ ತೋರಿಸಿ, ಮತ್ತೆ ಎಳೆದಳು. ಅಲ್ಲಿ ಹೀಗೆ. ಒಳಗೆ, ನನ್ನ ಹತ್ತಿರ, ಎಷ್ಟು ಬೇಕಾದರೂ ಅಳು. ಮಾತೇ ಇಲ್ಲದ ಮಗುವಿಗೆ ಅಷ್ಟು ಸ್ಪಷ್ಟವಾಗಿ ಯಾರೂ ಏನನ್ನೂ ಕಲಿಸಿರಲಿಲ್ಲ. ನಾನು ಕಲಿತುಬಿಟ್ಟೆ. ಆಮೇಲೆ ಹೊರಗಿನವರ ಎದುರು ನನಗೆ ನೋವಾದಾಗಲೆಲ್ಲ ನಗು ತಾನಾಗಿ ಬರತೊಡಗಿತು.

ನಾನು ಶಾಲೆಗೆ ಸೇರುವ ವಯಸ್ಸಿಗೆ ಹತ್ತಿರವಾಗುತ್ತಿದ್ದಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಗೆಲ್ಲ ಅದು ನಮ್ಮ ಕಡೆ ಹೊಸದು, ನೆಂಟರು ನನ್ನ ತಲೆಯ ಬ್ಯಾಂಡೇಜು ನೋಡಲೆಂದೇ ಬಂದು ಚಾ ಕುಡಿದು ಹೋದರು. ಯಂತ್ರ ಈಗಿನ ಹಾಗೆ ಕಿವಿಯ ಹಿಂದೆ ಅಡಗುವಂಥದ್ದಲ್ಲ. ಎದೆಗೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ, ಅದರಿಂದ ಮೇಲೆ ಹೋಗುವ ಒಂದು ವಯರು, ತಲೆಗೆ ಅಯಸ್ಕಾಂತದಿಂದ ಅಂಟುವ ಒಂದು ಬಿಲ್ಲೆ. ಪೆಟ್ಟಿಗೆಗೆ ಅಮ್ಮ ಹೂವಿನ ಬಟ್ಟೆಯ ಚೀಲ ಹೊಲಿದಳು. ಮಾತು ಕಲಿಸಲು ಮೂಡುಬಿದಿರೆಯಲ್ಲಿ ಒಬ್ಬರು ಟೀಚರ್ ಇದ್ದಾರೆಂದು ಗೊತ್ತಾಯಿತು, ಲವೀನಾ ಟೀಚರ್. ಅಮ್ಮ ನನ್ನನ್ನು ಸೊಂಟದಲ್ಲಿ ಕೂರಿಸಿಕೊಂಡು ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದಳು. ಟೀಚರ್ ಒಳ್ಳೆಯ ಹೆಂಗಸು. ಮೊದಲ ದಿನವೇ ಅಮ್ಮನಿಗೆ ಹೇಳಿದರಂತೆ:

“ನೋಡಿ, ಇವಳಿಗೆ ಒಂದೇ ಭಾಷೆ ಸಾಕು. ತುಳು, ಕನ್ನಡ ಎರಡೂ ಒಟ್ಟಿಗೆ ಹಾಕಿದ್ರೆ ಇವಳಿಗೆ ಎರಡೂ ಬರ್ಲಿಕ್ಕಿಲ್ಲ. ನಾಳೆ ಶಾಲೆಗೆ ಕನ್ನಡ ಬೇಕಲ್ಲ? ಮನೆಯಲ್ಲಿ ಎಲ್ಲರೂ ಕನ್ನಡವೇ ಮಾತಾಡಿ. ಮತ್ತೆ ಕೈ ಮಾಡಿ ತೋರಿಸ್ಲಿಕ್ಕಿಲ್ಲ. ಕೈ ನೋಡಿ ಅಭ್ಯಾಸ ಆದ್ರೆ ಕಿವಿ ಕೆಲಸ ಮಾಡುದಿಲ್ಲ.”

ಆ ಕಾಲಕ್ಕೆ ಎಲ್ಲ ಕಡೆ ಹೇಳುತ್ತಿದ್ದದ್ದೇ ಅದು, ಅವರ ಮೇಲೆ ನನಗೆ ದೂರಿಲ್ಲ. ಆದರೆ ಅಮ್ಮ ಅದನ್ನು ದೇವರ ಅಪ್ಪಣೆಯಂತೆ ಮನೆಗೆ ತಂದಳು. ಮರುದಿನದಿಂದ ನಮ್ಮ ಮನೆ ಶಾಲಾ ವಾರ್ಷಿಕೋತ್ಸವದ ನಾಟಕವಾಯಿತು. ಹುಟ್ಟಿದಂದಿನಿಂದ ತುಳುವಿನಲ್ಲೇ ಬೈದು ತುಳುವಿನಲ್ಲೇ ಮುದ್ದಿಸಿದ ಜನ, ಕನ್ನಡ ಎಂದರೆ ತಾಲೂಕು ಕಚೇರಿಯಲ್ಲಿ ಮಾತ್ರ ಬಾಯಿಗೆ ಬರುವ ಜನ, “ನೀನು ಊಟ ಮಾಡಿದೆಯಾ? ನೀರು ಕುಡಿಯುತ್ತೀಯಾ?” ಎಂದು ಪಾಠ ಒಪ್ಪಿಸುವಂತೆ ಮಾತಾಡತೊಡಗಿದರು. ಸಪ್ಲಾಯರುಗಳಿಗೂ ಅಪ್ಪ ತಾಕೀತು ಮಾಡಿದರು. ಅಜ್ಜಿಗೆ ಮಾತ್ರ ಕನ್ನಡ ಬರುತ್ತಿರಲಿಲ್ಲ. ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ಅವಳ ನಾಲಿಗೆಗೂ ರಜೆ, ಕೈಗೂ ರಜೆ. ತುಳು ಮಾತಾಡಲಿಕ್ಕೆ ಒಂದೇ ಹೊತ್ತು ಉಳಿದಿತ್ತು, ನನ್ನ ಸ್ನಾನದ ಹೊತ್ತು. ನೀರು ತಾಗಬಾರದೆಂದು ಯಂತ್ರ ಬಿಚ್ಚಿಡುತ್ತಿದ್ದರಲ್ಲ, ಆಗ ಮನೆಯವರೆಲ್ಲ ಬಚ್ಚಲಿನ ಹತ್ತಿರ ಸೇರಿ ದಿನವಿಡೀ ಕಟ್ಟಿಟ್ಟ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದರು. ಸಾಬೂನು ಕಣ್ಣಿಗೆ ಹೋಗದಂತೆ ಕಣ್ಣು ಅರೆ ಮುಚ್ಚಿ ನಾನು ನೋಡುತ್ತಿದ್ದೆ. ಎಲ್ಲರ ಬಾಯಿಯೂ ಬೇಗ ಬೇಗ ಓಡುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಆ ಬಾಯಿಗಳು ನನ್ನ ಎದುರು ಬಹಳ ನಿಧಾನ.

ಇನ್ನು ಮ್ಯಾಪಿಂಗ್. ಗಾಯ ಒಣಗಿದ ಮೇಲೆ ಯಂತ್ರವನ್ನು ಜೋಡಿಸಿ ಸದ್ದಿನ ಅಳತೆ ಹೊಂದಿಸಬೇಕಿತ್ತು. ಅದಕ್ಕೆ ದೂರದ ಊರಿನಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಒಬ್ಬರು ಸಾರ್ ಮಂಗಳೂರಿನ ಆಸ್ಪತ್ರೆಗೆ ಬರುತ್ತಿದ್ದರು. ಸದ್ದು ಕೇಳಿದಾಗ ಒಂದು ಮಣಿಯನ್ನು ಬಟ್ಟಲಿಗೆ ಹಾಕಬೇಕು, ಅದು ಮೊದಲ ಆಟ. ಎರಡನೆಯ ಆಟಕ್ಕೆ ಮೂರು ಮುಖಗಳ ಚಿತ್ರ: ಒಂದು ನಿದ್ದೆಯ ಮುಖ, ಒಂದು ನಗುವ ಮುಖ, ಒಂದು ಅಳುವ ಮುಖ. ಸದ್ದು ಸಣ್ಣದಾದರೆ ಮೊದಲನೆಯದನ್ನು ಮುಟ್ಟು, ಸರಿ ಇದ್ದರೆ ನಗುವುದನ್ನು, ಜೋರಾದರೆ ಅಳುವುದನ್ನು. ಆಪರೇಷನ್ನಿಗೂ ಮೊದಲಿನಿಂದಲೇ ಅಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿಸಿದ್ದಳು. ಸದ್ದಿಗೆ ಬದಲು ಬೆನ್ನ ಮೇಲೊಂದು ತಟ್ಟು, ಮಣಿಗೆ ಬದಲು ಹಲಸಿನ ಬೀಜ, ಬಟ್ಟಲಿಗೆ ಬದಲು ತೆಂಗಿನ ಗೆರಟೆ. ಮುಖಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳೇ ಬರೆದಿದ್ದಳು. ನಾನು ನಗುವ ಮುಖ ಮುಟ್ಟಿದರೆ ಅಮ್ಮನ ಮುಖ ಅರಳುತ್ತಿತ್ತು, ಅಳುವ ಮುಖ ಮುಟ್ಟಿದರೆ ಬಾಡುತ್ತಿತ್ತು. ಅವಳು ಬೇಕೆಂದು ಮಾಡಿದ್ದಲ್ಲ. ಮಗಳು ಅಳುವ ಮುಖವನ್ನು ಮುಟ್ಟಿದರೆ ಯಾವ ತಾಯಿಯ ಮುಖ ಅರಳುತ್ತದೆ?

ಮಂಗಳೂರಿನ ಆ ತಂಪು ಕೋಣೆಯಲ್ಲಿ ನನ್ನ ತಲೆಯೊಳಗೆ ಮೊದಲ ಸದ್ದು ಹುಟ್ಟಿತು. ಅದೇನೂ ಇಂಪಾಗಿರಲಿಲ್ಲ. ಇರುವೆ ಕಚ್ಚಿದ ಹಾಗಿತ್ತು. ಸಾರ್ ಕೀಲಿ ಒತ್ತುತ್ತಾ ಹೋದರು, ಇರುವೆ ಕಣಜವಾಯಿತು. ಅದು ಕಿವಿಯಲ್ಲಿ ಅಲ್ಲ, ಹಲ್ಲಿನ ಬುಡದಲ್ಲಿ, ಕಣ್ಣುಗುಡ್ಡೆಯ ಹಿಂದೆ. ಎದುರಿಗೆ ಅಪರಿಚಿತ ಗಂಡಸು. ಹೊರಗಿನವನು. ನನ್ನ ಬಾಯಿಯ ತುದಿಗಳು ಹೆಬ್ಬೆರಳಿಲ್ಲದೆಯೇ ಮೇಲಕ್ಕೆ ಹೋದವು. ಬೆರಳು ನಗುವ ಮುಖದ ಮೇಲೆ ಹೋಯಿತು.

“ವೆರಿ ಗುಡ್ ಪುಟ್ಟಿ! ಎಷ್ಟು ಧೈರ್ಯ ಈ ಮಗೂಗೆ,” ಎಂದರಂತೆ ಸಾರ್. “ಇನ್ನೊಂಚೂರು ಹೆಚ್ಚು ಮಾಡ್ತೀನಿ.”

“ಏರಿಸಿ ಸಾರ್,” ಎಂದರಂತೆ ಅಪ್ಪ. “ನಮ್ಮದು ರೋಡ್ ಸೈಡ್ ಹೋಟೆಲು. ಅಲ್ಲಿ ಇಷ್ಟು ಸಣ್ಣದೆಲ್ಲ ಕೇಳ್ಲಿಕ್ಕಿಲ್ಲ.”

ಕಡುಚಾ ಕೇಳಿದವರಿಗೆ ಪುಡಿ ಹೆಚ್ಚು ಹಾಕಿ ಕೊಡುವ ಮನುಷ್ಯ, ಸದ್ದೂ ಹಾಗೆಯೇ ಎಂದುಕೊಂಡರು. ನಾನು ಎಲ್ಲ ಸ್ವರಕ್ಕೂ ನಕ್ಕೆ. ಪ್ರತಿ ಸಲ ಅಲ್ಲಿಗೆ ಹೋದಾಗಲೂ ನಕ್ಕೆ, ಪ್ರತಿ ಸಲ ಅಳತೆ ಮೇಲೇರಿತು. ಕೋಣೆಯಲ್ಲಿದ್ದ ದೊಡ್ಡವರೆಲ್ಲ ಸಂತೋಷಪಟ್ಟರು. ನಾನು ಅಷ್ಟು ಸಣ್ಣ ಮಗು, ಈ ನಗುವಿನ ಹೊಣೆಯನ್ನು ನನ್ನ ತಲೆಗೆ ಕಟ್ಟಿಕೊಳ್ಳಲು ನಾನು ತಯಾರಿಲ್ಲ. ಆದರೆ ಸಿಟ್ಟು ಬರುತ್ತದೆ. ಇಂದಿಗೂ ಬರುತ್ತದೆ.

ಮೊದಲ ಸಲ ಯಂತ್ರ ತೊಟ್ಟು ಮನೆಗೆ ಬಂದ ಸಾಯಂಕಾಲ ಅಜ್ಜಿ ಪರದೆಯ ಹತ್ತಿರ ಕಾದು ನಿಂತಿದ್ದಳು. ನನ್ನನ್ನು ಕರೆಯಲಿಕ್ಕೆಂದೇ ಸಪ್ಲಾಯರ್ ಒಬ್ಬನಿಂದ ಎರಡು ಕನ್ನಡ ಮಾತು ಕಲಿತು, ಬೆಳಿಗ್ಗೆಯಿಂದ ಕಾಯಿ ಹೆರೆಯುತ್ತಾ ಹೇಳಿಕೊಳ್ಳುತ್ತಿದ್ದಳಂತೆ. ನಾನು ಒಳಗೆ ಕಾಲಿಟ್ಟೆ. ಅವಳು ಎರಡೂ ಕೈ ಚಾಚಿ, ಆಚೆ ದಡಕ್ಕೆ ಕೇಳುವ ಹಾಗೆ ಕರೆದಳು:

“ಬಾ ಮಗಳೇ!”

ನನ್ನ ತಲೆಗೆ ಯಾರೋ ಕಬ್ಬಿಣದ ಸಲಾಕೆ ತುರುಕಿದ ಹಾಗಾಯಿತು. ಅಜ್ಜಿ ಗಿರಾಕಿಯಲ್ಲ. ಅವಳ ಹತ್ತಿರ ನಗಬೇಕಾಗಿರಲಿಲ್ಲ, ಅವಳೇ ಹಾಗೆ ಕಲಿಸಿದ್ದಳು. ನಾನು ಕಿರುಚಿ, ತಲೆಯ ಬಿಲ್ಲೆ ಕಿತ್ತೆಸೆದು, ಅಕ್ಕಿ ಮೂಟೆಯ ಸಂದಿಗೆ ಹೋಗಿ ಮುದುಡಿ ಕೂತೆ. ಚಾಚಿದ ಕೈ ಹಾಗೆಯೇ ಇಟ್ಟುಕೊಂಡು ಅಜ್ಜಿ ನಿಂತೇ ಇದ್ದಳು. ಆ ಕೈಗಳನ್ನು ಇಳಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಈಗ ಇದನ್ನೆಲ್ಲ ಬಿಡಿಸಿ ಹೇಳುವುದು ಸುಲಭ. ಅಮ್ಮನ ಮೆಲುದನಿ ನೋಯುವ ಅಳತೆಯ ಕೆಳಗೇ ಉಳಿಯುತ್ತಿತ್ತು, ಅಜ್ಜಿಯ ದನಿ ನೇರ ಮೇಲಿನ ಗೆರೆಗೆ ಹೋಗಿ ಬಡಿಯುತ್ತಿತ್ತು. ಆ ಗೆರೆಯನ್ನೇ ತಪ್ಪು ಜಾಗದಲ್ಲಿ ಎಳೆದಿದ್ದರು. ಆದರೆ ಮನೆಯವರು ಕಂಡದ್ದು ಬೇರೆ. ಆಸ್ಪತ್ರೆಯಲ್ಲಿ ನಗುವ ಮಗು, ಹೋಟೆಲಿನ ಗಿರಾಕಿಗಳ ನಡುವೆ ನಗುವ ಮಗು, ಅಮ್ಮ ಮಾತಾಡಿದರೆ ತಿರುಗಿ ನೋಡುವ ಮಗು, ಅಜ್ಜಿ ಬಾಯಿ ತೆರೆದರೆ ಮಾತ್ರ ಕಿರುಚುತ್ತದೆ. ಪಾತ್ರೆ ಬಿದ್ದಾಗ ಕಿರುಚಿದರೆ, ಪಾತ್ರೆ ಬಿದ್ದರೆ ಯಾವ ಮಗುವೂ ಬೆಚ್ಚುತ್ತದೆ ಎನ್ನುತ್ತಿದ್ದರು. ಯಂತ್ರ ಸರಿ ಇದೆ, ಅಜ್ಜಿಯ ದನಿ ಯಂತ್ರಕ್ಕೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ನಾನು ಬಿಲ್ಲೆ ಕಿತ್ತು ಬಿಸಾಡದಂತೆ ಅಮ್ಮ ತಲೆಗೆ ಬಟ್ಟೆ ಬಿಗಿದು ಕಟ್ಟತೊಡಗಿದಳು. ಅತ್ತೆ ಸೊಸೆಯರ ಜಗಳಗಳು ಬಚ್ಚಲಿನಲ್ಲಿ, ನನ್ನ ತಲೆಯ ಮೇಲೆ ನೀರು ಹೊಯ್ಯುತ್ತಾ ನಡೆದವು. ಅವು ತುಳುವಿನವು, ಅಮ್ಮ ನನಗೆ ಹೇಳಿದ್ದು ಕನ್ನಡದಲ್ಲಿ:

“ಸ್ವಲ್ಪ ಮೆಲ್ಲ ಮಾತಾಡ್ಲಿಕ್ಕೆ ಆಗುದಿಲ್ವಾ ಅತ್ತೆ ನಿಮಗೆ? ನಿಮ್ಮ ಬಾಯಿ ಕೇಳಿದ್ರೆ ಮಗು ಯಂತ್ರವೇ ಬೇಡ ಅಂತದೆ. ಕಿವಿ ಹೋದ್ರೆ ಮತ್ತೆ ಯಾರು ಕೊಡ್ತಾರೆ?”

“ನಾನು ಮೆಲ್ಲವೇ ಮಾತಾಡುದು ಮಾರಾಯ್ತಿ. ಇದಕ್ಕಿಂತ ಮೆಲ್ಲ ಅಂದ್ರೆ ಸತ್ತ ಮೇಲೆ.”

“ಹಾಗಾದ್ರೆ ಅವಳೆದುರು ಮಾತಾಡ್ಬೇಡಿ.”

ಹಿಂದೆ ಇದೇ ಅಜ್ಜಿ ಅಮ್ಮನ ನೀರಿಳಿಸಿದ್ದು ಕಡಿಮೆಯೇನಲ್ಲ, ಕಿವುಡು ಮಗುವನ್ನು ಹೆತ್ತವಳು ಎಂದು ಆಡಿದ್ದೂ ಇತ್ತಂತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಒಂದು ಮಾತಿನಲ್ಲಿ ಹಳೆಯ ಲೆಕ್ಕವೂ ಸೇರಿತ್ತು ಎಂದು ಅಮ್ಮನೇ ಒಪ್ಪಿಕೊಂಡಿದ್ದಾಳೆ. ಅಜ್ಜಿ ಎದುರಾಡಲಿಲ್ಲ. ಅವತ್ತಿನಿಂದ ನನ್ನ ಎದುರು ಬಾಯಿಗೆ ಬೀಗ. ಮೊದಮೊದಲು ದನಿಯಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದಳು. ತುಟಿ ನೋಡಿದರೆ ಕಿವಿ ಸೋಮಾರಿಯಾಗುತ್ತದೆ ಎಂದು ಅದನ್ನೂ ಬೇಡವೆಂದರು. ನಾನು ಹೋಗಿ ಗಂಟಲಿಗೆ ಅಂಗೈ ಇಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ. ನನಗೆ ಅದು ಶಿಕ್ಷೆಯಂತೆ ಕಂಡಿತು. ಅಜ್ಜಿಗೆ ನಾನು ಬೇಡವಾದೆ ಎಂದುಕೊಂಡೆ, ಅವಳ ಹತ್ತಿರ ಹೋಗುವುದನ್ನು ನಿಧಾನವಾಗಿ ಬಿಟ್ಟೆ. ಹೆರೆಮಣೆಯ ಮೇಲೆ ಕೂತ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಅವಳು ಬೆಳ್ತಂಗಡಿಯಲ್ಲಿರುವ ಮಗಳ ಮನೆಗೆ, ನನ್ನ ಸೋದರತ್ತೆಯ ಮನೆಗೆ ಹೊರಟಳು. ನಾಲ್ಕು ದಿನ ಇದ್ದು ಬರುತ್ತೇನೆ ಎಂದಳಂತೆ. ಕರೆದುಕೊಂಡು ಹೋಗಲು ಬಂದ ಸೋದರತ್ತೆಯ ಕೈಯಲ್ಲಿ ಅಜ್ಜಿಯ ಸೀರೆಗಳೆಲ್ಲ ಇದ್ದ ಗಂಟು ನೋಡಿ ಎಲ್ಲರಿಗೂ ಅರ್ಥವಾಗಿತ್ತು, ಯಾರೂ ತಡೆಯಲಿಲ್ಲ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತು ಅಜ್ಜಿ ನನ್ನನ್ನೇ ನೋಡಿದಳು. ಆಮೇಲೆ ಅಂಗೈಯನ್ನು ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ನಾನು ಕೈ ಎತ್ತಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

“ಕೈ ಬೇಡ ಮಗಾ. ಬಾಯಲ್ಲಿ ಹೇಳು. ಟಾಟಾ, ಅಜ್ಜಿ.”

“ಟಾ... ಟಾ,” ಎಂದೆ. ನಾಲಿಗೆ ಹೊರಳುವಷ್ಟರಲ್ಲಿ ಬಸ್ಸು ಹೋಗಿತ್ತು. ಅಮ್ಮ ಮಾತ್ರ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ನಾನು ಸ್ಪಷ್ಟವಾಗಿ ಆಡಿದ ಮೊದಲ ಮಾತುಗಳಲ್ಲಿ ಅದೂ ಒಂದು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಮರುವರ್ಷ ಕನ್ನಡ ಶಾಲೆಗೆ ಸೇರಿಸಿದರು. ಮೇಷ್ಟ್ರು ಬೆತ್ತದಿಂದ ಮೇಜು ಬಡಿದರೆ ನಾನು ನಗುತ್ತಿದ್ದೆ, ಲೇವಡಿ ಮಾಡುತ್ತಾಳೆಂದು ಹೊಡೆದರು. ಅವಕಾಶ ಸಿಕ್ಕಿದಾಗಲೆಲ್ಲ ಪೆಟ್ಟಿಗೆಯನ್ನು ಆರಿಸಿಡುತ್ತಿದ್ದೆ, ಹಾಗಾಗಿ ಕಲಿತದ್ದು ಅಷ್ಟಕ್ಕಷ್ಟೆ. ಮಾತು ಬಾರದಿದ್ದರೆ ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಗೆ ಕಳಿಸುವ ಎಂದು ಅಪ್ಪ ಒಂದು ದಿನ ಹೇಳಿದಾಗ ಅಮ್ಮ ಊಟದ ಮುಂದಿನಿಂದ ಎದ್ದು ಹೋದಳು. ಆ ಸಂಕಟದಲ್ಲೇ ಮಂಗಳೂರಿಗೆ ಮತ್ತೊಮ್ಮೆ ಹೋದೆವು, ಅಮ್ಮ ಮತ್ತು ನಾನು ಇಬ್ಬರೇ.

ಆ ಸಲ ಸಾರ್ ಇರಲಿಲ್ಲ. ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಮೇಡಂ, ನಮ್ಮ ಕಡೆಯವರೇ, ಲ್ಯಾಪ್‌ಟಾಪಿನ ಎದುರು ಕೂತಿದ್ದರು. ಮುಖಗಳ ಚಿತ್ರ ಇಟ್ಟರು, ನಾನು ನಕ್ಕು ನಗುವ ಮುಖ ಮುಟ್ಟಿದೆ. ಇನ್ನೊಂದು ಸ್ವರ, ಮತ್ತೆ ಅದೇ. ಅವರು ಎದ್ದು ನನ್ನ ಹಿಂದೆ ಹೋದರು. ತಮ್ಮ ಊಟದ ಬುತ್ತಿಯ ಸ್ಟೀಲ್ ಮುಚ್ಚಳವನ್ನು ಚಮಚದಿಂದ ಫಟ್ಟೆಂದು ಹೊಡೆದರು. ಎದುರಿದ್ದ ಕಿಟಕಿಯ ಗಾಜಿನಲ್ಲಿ ನನಗೆ ನನ್ನ ಮುಖ ಕಾಣುತ್ತಿತ್ತು. ಬಾಯಿ ಕಿವಿಯವರೆಗೆ ನಗುತ್ತಿತ್ತು, ಕಣ್ಣಿನಲ್ಲಿ ನೀರು ತುಂಬಿತ್ತು, ಮಡಿಲಲ್ಲಿ ಎರಡೂ ಕೈ ಮುಷ್ಟಿ ಕಟ್ಟಿದ್ದವು. ಮೇಡಂ ಮುಂದೆ ಬಂದು ನನ್ನ ಮುಷ್ಟಿಯನ್ನು ಬಿಡಿಸಿದರು. ಅಂಗೈಯಲ್ಲಿ ಉಗುರಿನ ಗುರುತು ಮೂಡಿತ್ತು.

“ಅಕ್ಕಾ, ಇವಳು ನಗುದು ಯಾವಾಗ?” ಎಂದು ಅಮ್ಮನನ್ನು ಕೇಳಿದರು.

“ಯಾವಾಗ್ಲೂ ನಗ್ತಾಳೆ ಮೇಡಂ. ಹೊರಗಿನವರೆದುರು ಒಮ್ಮೆ ಸಹ ಅತ್ತವಳಲ್ಲ. ನಮ್ಮ ಹೋಟೆಲಿನಲ್ಲಿ ಹಾಗೇ ಕಲಿಸಿದ್ದು.”

“ಇದು ನಗು ಅಲ್ಲ ಅಕ್ಕ. ಇವಳಿಗೆ ನೋವಾಗ್ತಾ ಉಂಟು. ಎಲ್ಲ ಬಹಳ ಮೇಲೆ ಇಟ್ಟಿದ್ದಾರೆ. ಮನೆಯಲ್ಲಿ ಯಾರಾದ್ರೂ ಜೋರಾಗಿ ಮಾತಾಡಿದ್ರೆ ಇವಳು ಎಂತ ಮಾಡ್ತಾಳೆ?”

ಅಮ್ಮ ನನ್ನ ಅಂಗೈಯ ಗುರುತುಗಳನ್ನು ಬೆರಳಿನಿಂದ ಸವರಿದಳು. ಮೇಡಂ ಚಿತ್ರಗಳನ್ನು ಮಡಚಿ ಚೀಲಕ್ಕೆ ಹಾಕಿದರು. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಮುಖ ನೋಡದೆ, ನನ್ನ ಬೆರಳು ಬಿಗಿಯುವುದನ್ನೇ ನೋಡಿ, ಒಂದೊಂದೇ ಸ್ವರವನ್ನು ಇಳಿಸುತ್ತಾ ಬಂದರು. ಮಧ್ಯಾಹ್ನದವರೆಗೂ ಹಿಡಿಯಿತು. ಕೊನೆಗೆ ಮತ್ತೆ ಆ ಮುಚ್ಚಳ ಹೊಡೆದರು. ಅದು ಬರೀ ಮುಚ್ಚಳದ ಸದ್ದು. ದೊಡ್ಡದು, ಅಷ್ಟೇ. ನನ್ನ ಬೆರಳು ಸಡಿಲವಾಗಿಯೇ ಇತ್ತು. ನಾನು ನಗಲಿಲ್ಲ. ಅಷ್ಟು ಹೊತ್ತೂ ನೋವಿದೆ ಎಂದು ಅನ್ನಿಸಿರಲಿಲ್ಲ, ಲೋಕ ಇರುವುದೇ ಹಾಗೆ ಎಂದುಕೊಂಡಿದ್ದೆ. ಹೋದ ಮೇಲೆ ಅದು ನೋವು ಎಂದು ಗೊತ್ತಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದ, ಬಾಗಿಲು ಬಡಿದ, ಚಾಲಕ ದಾರಿಯುದ್ದಕ್ಕೂ ಹಾರ್ನು ಹೊಡೆದ. ನಾನು ಕಿವಿಗೊಟ್ಟು ಕೇಳುತ್ತಾ ಕೂತಿದ್ದೆ. ಬಿ.ಸಿ.ರೋಡ್ ಹತ್ತಿರ ಬರುವಾಗ ಅಮ್ಮನ ಸೆರಗು ಎಳೆದು ಒಂದೇ ಮಾತು ಹೇಳಿದೆ: “ಅಜ್ಜಿ.” ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಇಳಿದ ಮೇಲೆ ಮಾಣಿಯ ಬಸ್ಸು ನಮ್ಮೆದುರೇ ನಿಂತಿತ್ತು. ಅವಳು ನನ್ನ ಕೈ ಹಿಡಿದು ಅದನ್ನು ದಾಟಿ ಹೋಗಿ ಬೆಳ್ತಂಗಡಿಯ ಬಸ್ಸು ಹತ್ತಿದಳು. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟುವವರೆಗೂ ಅವಳು ದಾರಿಯಲ್ಲಿ ಕಂಡದ್ದಕ್ಕೆಲ್ಲ ಹೆಸರು ಹೇಳಿಸುವ ಪಾಠವನ್ನು ಮಾಡಲಿಲ್ಲ.

ಸೋದರತ್ತೆಯ ಮನೆಯ ಒಳಕೋಣೆಯಲ್ಲಿ ಅಜ್ಜಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕಾಲು ಬಾತಿತ್ತು. ಹುಷಾರಿಲ್ಲ ಎಂದು ಹೇಳಿ ಕಳಿಸಿದ್ದರು, ಇಷ್ಟಾಗಿದೆ ಎಂದು ನಮಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿ ಅಭ್ಯಾಸಬಲದಿಂದ ತುಟಿ ಬಿಗಿ ಹಿಡಿದಳು. ಅಮ್ಮ ಅವಳ ಕಾಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ತುಳುವಿನಲ್ಲಿ ಏನೋ ಹೇಳಿದಳು. ನನ್ನ ಯಂತ್ರ ಚಾಲು ಇದ್ದಾಗ ಅಮ್ಮ ತುಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾತಾಡಿ ಅತ್ತೆ, ಈಗ ಅವಳಿಗೆ ನೋವಾಗುದಿಲ್ಲ, ತಪ್ಪು ನಿಮ್ಮ ದನಿಯದ್ದಲ್ಲ ಎಂದು ಹೇಳಿದೆ ಎಂದು ಮುಂದೆ ಅಮ್ಮ ತಿಳಿಸಿದ್ದಾಳೆ. ಅಜ್ಜಿ ಬಾಯಿ ತೆರೆದಳು. ಹೊಳೆ ದಾಟುತ್ತಿದ್ದ ದನಿ ಚಾಪೆಯ ಅಂಚನ್ನೂ ದಾಟಲಿಲ್ಲ. ನನಗೆ ಏನೂ ಕೇಳಿಸಲಿಲ್ಲ. ಅಮ್ಮ ನನ್ನ ಎದೆಯ ಚೀಲಕ್ಕೆ ಕೈ ಹಾಕಿ, ಬೆಳಿಗ್ಗೆಯಷ್ಟೇ ಇಳಿಸಿಕೊಂಡು ಬಂದ ಸದ್ದನ್ನು ಗುಂಡಿ ತಿರುಗಿಸಿ ಏರಿಸಿದಳು. ಆಮೇಲೆ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಇಷ್ಟು ದಿನ ತಾನು ನಡುವೆ ನಿಂತದ್ದು ಸಾಕು, ಅಜ್ಜಿ ಮೊಮ್ಮಗಳು ಮನಸ್ಸು ಬಿಚ್ಚಿ ಮಾತಾಡಿಕೊಳ್ಳಲಿ ಎಂದು. ಅವಳ ಬದುಕಿನ ಒಳ್ಳೆಯ ಕೆಲಸಗಳಲ್ಲಿ ಅದೊಂದು, ಆದರೆ ಅದಕ್ಕೂ ಅವಳಿಗೆ ಶಿಕ್ಷೆಯೇ ಆಯಿತು.

ಅಜ್ಜಿ ಮಾತಾಡಿದಳು. ನಾನು ಹತ್ತಿರ ಸರಿದು ಗಂಟಲಿಗೆ ಅಂಗೈ ಇಟ್ಟೆ. ಅಂಗೈಗೆ ಬಂದದ್ದು ಸಣ್ಣ ನಡುಕ, ಅದೇ ನಡುಕ ಕಿವಿಗೂ ಬಂತು. ಎರಡೂ ಒಟ್ಟಿಗೆ ಬಂದದ್ದು ನನ್ನ ಜೀವಮಾನದಲ್ಲಿ ಆಗ ಮಾತ್ರ. ಒರಟಾಗಿ, ಬೆಚ್ಚಗೆ, ನಡುನಡುವೆ ಉಸಿರಿಗಾಗಿ ನಿಲ್ಲುತ್ತಾ, ಬಹಳ ಹೊತ್ತು ಮಾತಾಡಿದಳು. ಒಂದು ಮಾತೂ ನನಗೆ ಅರ್ಥವಾಗಲಿಲ್ಲ. ತುಳುವನ್ನು ನನ್ನಿಂದ ಅಷ್ಟು ಜೋಪಾನವಾಗಿ ದೂರ ಇಟ್ಟಿದ್ದರು. ನಾನು ಕೋಲೆಬಸವನ ಹಾಗೆ ತಲೆ ಆಡಿಸುತ್ತಿದ್ದೆ. ಅಳು ಬರುತ್ತಿತ್ತು. ಅಜ್ಜಿ ಎರಡು ಹೆಬ್ಬೆರಳುಗಳನ್ನು ನನ್ನ ಬಾಯಿಯ ತುದಿಗಳ ಮೇಲೆ ಇಟ್ಟಳು. ಎಳೆಯಲಿಲ್ಲ, ಸುಮ್ಮನೆ ಇಟ್ಟುಕೊಂಡಳು. ಹಾಗೇ ಇಟ್ಟುಕೊಂಡು ಏನೋ ಕೇಳಿದಳು. ದನಿ ಕೊನೆಯಲ್ಲಿ ಮೇಲೆ ಹೋಗಿ ನಿಂತಿತು, ಅದು ಪ್ರಶ್ನೆ ಎಂಬುದು ನನಗೂ ತಿಳಿಯಿತು. ಉತ್ತರಕ್ಕೆ ಕಾದಳು. ಮತ್ತೆ ಅದನ್ನೇ ಕೇಳಿದಳು.

“ಹೂಂ,” ಎಂದೆ.

ಅವಳು ನಕ್ಕಳು. ಕಣ್ಣು ಮುಚ್ಚಿ ಗೋಡೆಗೆ ತಲೆ ಇಟ್ಟಳು. ನಮ್ಮ ಮನೆಯವರ ನಗು ಏನು ಬೇಕಾದರೂ ಆಗಿರಬಹುದು ಎಂದು ಇಷ್ಟು ಓದಿದವರಿಗೆ ಗೊತ್ತಾಗಿರುತ್ತದೆ.

ಕಾರ್ತಿಕ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡಳು. ಆ ದಿನ ವಾಪಸು ಬರುವ ಬಸ್ಸಿನಲ್ಲಿಯೇ ಅಮ್ಮ ಕೇಳಿದ್ದಳು, ಅಜ್ಜಿ ಏನು ಹೇಳಿದಳು ಎಂದು. ಅಜ್ಜಿ ಮಾತಾಡಿದಳು ಎಂದೆ, ನನಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ನಾನು ಮಾತು ಕಲಿತೆ, ಅಜ್ಜಿ ಏನೋ ಕೇಳಿದ್ದನ್ನೂ ನಾನು ಹೂಂ ಅಂದದ್ದನ್ನೂ ಅಮ್ಮನಿಗೆ ಹೇಳಿದೆ, ಹಾಸ್ಟೆಲಿಗೆ ಹೋಗುವುದು ತಪ್ಪಿತು, ಮೂಡುಬಿದಿರೆಯಲ್ಲಿ ಕಾಲೇಜು ಓದಿದೆ. ಹಟ ಹಿಡಿದು ತುಳುವನ್ನೂ ಕಲಿತೆ, ಈಗ ಹೋಟೆಲಿನ ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ತುಳುವಿನಲ್ಲೇ ಮಾತಾಡುತ್ತೇನೆ. ಆ ಮಧ್ಯಾಹ್ನದ ದನಿ ಇನ್ನೂ ನನ್ನೊಳಗೆ ಇದೆ, ಅದರ ಒರಟು, ಅದರ ನಿಲುಗಡೆ, ಕೊನೆಗೆ ಅದು ಮೇಲೆ ಹೋದ ರೀತಿ. ಎಷ್ಟು ತಡಕಾಡಿದರೂ ಅದರಲ್ಲಿ ಮಾತು ಸಿಗುವುದಿಲ್ಲ. ಅಮ್ಮನಿಗೆ ಈಗ ವಯಸ್ಸಾಗಿದೆ, ಅವಳ ಕಿವಿಯೂ ಮಂದವಾಗುತ್ತಿದೆ. ಕಾಯಿ ಹೆರೆಯುತ್ತಾ ಕೂತವಳು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸುತ್ತಾಳೆ.

“ನೆನಪು ಮಾಡಿ ನೋಡು ಮಗಾ. ಅಜ್ಜಿ ಎಂತ ಕೇಳಿದ್ದು? ನನ್ನ ಬಗ್ಗೆ ಕೇಳಿದ್ದಾ? ನೀನು ಹೂಂ ಅಂದದ್ದು ಎಂತಕ್ಕೆ?”

ನಾನು ಅವಳ ಮುಖ ನೋಡಿ ನಗುತ್ತೇನೆ. ಅಮ್ಮ ಈಗ ನಂಬುವುದಿಲ್ಲ.